ಮರ್ಯಾದೆ ಯಾರ ಮನೆಯ ಸ್ವತ್ತು?

‘ಮರ್ಯಾದೆ ಪ್ರಶ್ನೆ’ ಸಿನಿಮಾವನ್ನು ಸಂಪಿಗೆ ರಸ್ತೆಯ ನನ್ನ ಪರಿಚಿತರಲ್ಲಿ ನೋಡಿದವರೆಲ್ಲ ಮೆಚ್ಚಿಕೊಂಡರು. ‘ನಮ್ಮದೇ ಕತೆ ಕಣ್ರೀ’ ಎಂದರು. ನನ್ನ ತಕರಾರಿರುವುದು ಸಿನಿಮಾದ ಮೇಲೆ ಅಷ್ಟಾಗಿ ಅಲ್ಲ, ಆ ‘ನಮ್ಮದೇ’ ಎಂಬ ಮಾತಿನ ಮೇಲೆ.

ನೋಡದವರಿಗಾಗಿ ಎರಡು ಮಾತು. 2024ರ ನವೆಂಬರ್ 22ರಂದು ತೆರೆಗೆ ಬಂದ ಈ ಚಿತ್ರದ ನಿರ್ದೇಶಕರು ನಾಗರಾಜ ಸೋಮಯಾಜಿ. ಚಾಮರಾಜಪೇಟೆಯ ಮೂವರು ಗೆಳೆಯರ ಕತೆ. ರಾಕೇಶ್ ಅಡಿಗ ಮಾಡಿರುವ ಸತೀಶನಿಗೆ ಕಾರ್ಪೊರೇಟರ್ ಆಗುವ ಆಸೆ. ಸುನಿಲ್ ರಾವ್ ಮಾಡಿರುವ ಸೂರಿ ಬೈಕಿನ ಮೇಲೆ ಮನೆಮನೆಗೆ ಊಟ ತಲುಪಿಸುತ್ತಾನೆ. ಪೂರ್ಣಚಂದ್ರ ಮೈಸೂರು ಮಾಡಿರುವ ಮಂಜ ಕ್ಯಾಬ್ ಓಡಿಸುತ್ತಾನೆ. ದುಡ್ಡಿದ್ದವರ ಮನೆಯ ಹುಡುಗರ ಕಾರು ಇವರ ಬದುಕಿನೊಳಕ್ಕೆ ನುಗ್ಗುತ್ತದೆ, ಅಲ್ಲಿಂದ ಮುಂದೆ ಸೇಡು. ಕೊನೆಗೆ ಏನಾಗುತ್ತದೆಂದು ಹೇಳಿ, ನೋಡಬೇಕೆಂದಿರುವವರ ಶಾಪಕ್ಕೆ ಗುರಿಯಾಗಲಾರೆ. ಹುಡುಗರು ಮೂವರೂ ಚೆನ್ನಾಗಿ ಮಾಡಿದ್ದಾರೆ. (ಸತೀಶನ ಆಸೆಯ ಬಗ್ಗೆ ಮಾತ್ರ ಒಂದು ಮಾತು. ಬಿಬಿಎಂಪಿ ಕೌನ್ಸಿಲಿನ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಸಿನಿಮಾ ಬರುವ ಹೊತ್ತಿಗೆ ನಾಲ್ಕು ವರ್ಷ ದಾಟಿದ್ದರೂ ಚುನಾವಣೆ ನಡೆದಿರಲಿಲ್ಲ. ಇಲ್ಲದ ಕುರ್ಚಿಗೆ ಆಸೆಪಡುವ ಈ ಪಾತ್ರ ಅದೊಂದರಿಂದಲೇ ನನಗೆ ನಿಜ ಅನ್ನಿಸಿಬಿಟ್ಟಿತು.)

ಸಿನಿಮಾ ಈ ಮೂವರನ್ನು ಮಧ್ಯಮವರ್ಗದವರು ಎನ್ನುತ್ತದೆ. ಸರಿಯಾಗಿಯೇ ಎನ್ನುತ್ತದೆ. ಆದರೆ ಮಲ್ಲೇಶ್ವರದಲ್ಲಿ ಮಧ್ಯಮವರ್ಗ ಎಂದರೆ ಎಂದೂ ಇವರಾಗಿರಲಿಲ್ಲ. ಸರ್ಕಾರಿ ಆಫೀಸಿನ ಗುಮಾಸ್ತರು, ಟಾಟಾ ಇನ್‌ಸ್ಟಿಟ್ಯೂಟಿನ ಮೇಷ್ಟ್ರುಗಳು, ಎಚ್.ಎಂ.ಟಿ., ಐ.ಟಿ.ಐ. ಕಾರ್ಖಾನೆಗಳವರು, ಬ್ಯಾಂಕಿನವರು, ಅಂದರೆ ಒಂದನೇ ತಾರೀಕು ಸಂಬಳ, ಕೊನೆಗಾಲಕ್ಕೆ ಪಿಂಚಣಿ ಅಥವಾ ಪಿ.ಎಫ್. ಇದ್ದವರು ಮಧ್ಯಮವರ್ಗ. ಕೈ ಬಿಗಿಯಾಗಿಯೇ ಇರುತ್ತಿತ್ತು, ಮರ್ಯಾದೆಗೇನೂ ಕೊರತೆ ಇರಲಿಲ್ಲ. ಅಂಗಡಿಯವನು ಸಾಲ ಬರೆದುಕೊಳ್ಳುವಾಗಲೂ ‘ಸ್ವಾಮಿ’ ಎನ್ನುತ್ತಿದ್ದ.

ಆ ಮನೆಗಳ ಮಕ್ಕಳು, ಮೊಮ್ಮಕ್ಕಳು ಈಗ ಎಲ್ಲಿದ್ದಾರೆ? ಬಹಳ ಮಂದಿ ಇಲ್ಲೇ ಇದ್ದಾರೆ, ಸ್ವಲ್ಪ ಎತ್ತರದಲ್ಲಿ. ಅಜ್ಜ ಕಟ್ಟಿದ ಮಂಕಿಟಾಪ್ ಕಿಟಕಿಯ ಮನೆಯನ್ನು ಬಿಲ್ಡರಿಗೆ ಕೊಟ್ಟು ಮೂರನೆಯ ಮಹಡಿಯಲ್ಲೊಂದು, ನಾಲ್ಕನೆಯದರಲ್ಲೊಂದು ಫ್ಲಾಟು ಪಡೆದವರು. ಇವತ್ತಿನ ಬೆಲೆಯಲ್ಲಿ ಕೋಟಿಗಳ ಒಡೆಯರು. ನಮ್ಮ ಮೆಟ್ರೊ ನಿಲ್ದಾಣದ ಹೆಸರಿನಲ್ಲೇ ಮಂತ್ರಿ ಸ್ಕ್ವೇರ್ ಎಂಬ ಮಾಲು ಮೊದಲು, ಸಂಪಿಗೆ ರಸ್ತೆ ಆಮೇಲೆ. 1954ರಿಂದ ನಡೆಯುತ್ತಿದ್ದ ನ್ಯೂ ಕೃಷ್ಣ ಭವನ 2012ರ ಡಿಸೆಂಬರಿನಲ್ಲಿ ಬಾಗಿಲು ಹಾಕಿದಾಗ ಕಣ್ಣೀರಿಟ್ಟವರೂ ಇವರೇ, ತಮ್ಮ ಸೈಟಿಗೆ ಏನು ಬೆಲೆ ಬಂದೀತು ಎಂದು ಅದೇ ವಾರ ವಿಚಾರಿಸಿದವರೂ ಇವರೇ. ಬದುಕು ಮೇಲಕ್ಕೆ ಹೋಯಿತು. ಹೆಸರು ಮಾತ್ರ ಹಳೆಯದೇ ಉಳಿಯಿತು. ‘ನಾವೆಲ್ಲ ಮಿಡ್ಲ್‌ಕ್ಲಾಸ್ ಜನ ಸಾರ್’ ಎನ್ನುವುದರಲ್ಲಿ ಒಂದು ಸುಖ ಇದೆ. ಆ ಮಾತು ಅಂದವನು ಏಟು ತಿನ್ನುವವರ ಸಾಲಿನಲ್ಲಿ ನಿಂತಂತಾಯಿತು. ಏಟು ಹಾಕುವವರ ಪಟ್ಟಿಯಲ್ಲಿ ಅವನ ಹೆಸರನ್ನು ಯಾರೂ ಹುಡುಕುವುದಿಲ್ಲ.

ಅವಮಾನವಾದಾಗ ಏನು ಮಾಡಬೇಕು ಎಂಬುದಕ್ಕೆ ಕನ್ನಡ ಸಿನಿಮಾ ಕಾಲಕ್ಕೊಂದು ಉತ್ತರ ಕೊಟ್ಟಿದೆ. 1972ರ ‘ಬಂಗಾರದ ಮನುಷ್ಯ’ದಲ್ಲಿ ತಾನೇ ಸಾಕಿದ ಹುಡುಗ ಊಟದ ಹೊತ್ತಿನಲ್ಲಿ ಆಡಿದ ಮಾತಿಗೆ ರಾಜಕುಮಾರ್ ತಿರುಗಿ ಬೀಳುವುದಿಲ್ಲ. ಎದ್ದು ಹೋಗುತ್ತಾರೆ, ಎಲ್ಲವನ್ನೂ ಬಿಟ್ಟು. ಆ ಎದ್ದುಹೋಗುವಿಕೆಯನ್ನು ನೋಡಲು ಜನ ಸ್ಟೇಟ್ಸ್ ಥಿಯೇಟರಿಗೆ ಎರಡು ವರ್ಷ ಬಂದರು. 1981ರ ‘ಅಂತ’ದ ಹೊತ್ತಿಗೆ ಎದ್ದುಹೋಗುವ ಮಾತು ಮುಗಿದಿತ್ತು. ಅಂಬರೀಶರ ಇನ್ಸ್‌ಪೆಕ್ಟರ್ ಉರಿಯುವ ಕಣ್ಣಿನಲ್ಲೇ ನಮ್ಮ ಕಡೆ ತಿರುಗಿ ನೋಡಿದ. ಎಂಬತ್ತರ ದಶಕದ ನಡುವೆ ಶಂಕರ್‌ನಾಗ್ ‘ಆಕ್ಸಿಡೆಂಟ್’ ಮಾಡಿದರು. ರಾಜಕಾರಣಿಯ ಮಗನ ಕಾರು ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ಹಾಯುತ್ತದೆ, ಪತ್ರಕರ್ತನೊಬ್ಬ ಬೆನ್ನು ಹತ್ತುತ್ತಾನೆ. ನನಗೆ ಈ ಮೂರರಲ್ಲಿ ಇದೇ ಹೆಚ್ಚು. ಸತ್ತವರು ‘ನಿಮ್ಮವರೇ’ ಎಂದು ಶಂಕರ್‌ನಾಗ್ ನಮ್ಮನ್ನು ಪುಸಲಾಯಿಸಲಿಲ್ಲ. ಅವರ ಸಿನಿಮಾದಲ್ಲಿ ನಾವು ಕಾರಿನಲ್ಲೂ ಇಲ್ಲ, ಫುಟ್‌ಪಾತಿನಲ್ಲೂ ಇಲ್ಲ. ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುತ್ತ ಪೇಪರಿನಲ್ಲಿ ಸುದ್ದಿ ಓದುವವರು ನಾವು. ಆ ಅಂತರ ಚುಚ್ಚುತ್ತಿತ್ತು. ‘ಮರ್ಯಾದೆ ಪ್ರಶ್ನೆ’ ಅದನ್ನು ಅಳಿಸಿ, ಟಿಕೆಟ್ ಕೊಂಡವರನ್ನೆಲ್ಲ ಸೂರಿಯ ಬೈಕಿನ ಹಿಂದೆ ಕೂರಿಸಿತು. ಕೂತವರಿಗೆ ಹಾಯೆನಿಸಿತು.

ಸೇಡಿನ ಕತೆ ಯಾಕೆ ಬೇಕು ಎಂದು ನಾನು ಕೇಳುವುದಿಲ್ಲ. ಲೆಕ್ಕ ನೋಡಿದರೆ ಸಾಕು. ಹಳೆಯ ದಂಡಸಂಹಿತೆಯಲ್ಲಿ ಅಜಾಗರೂಕತೆಯಿಂದ ಒಬ್ಬನನ್ನು ಕೊಂದರೆ ಹೆಚ್ಚೆಂದರೆ ಎರಡು ವರ್ಷ. 2024ರ ಜುಲೈ 1ರಿಂದ ಬಂದ ನ್ಯಾಯಸಂಹಿತೆಯಲ್ಲಿ ಅದು ಐದು ವರ್ಷಕ್ಕೆ ಏರಿತು. ಗುದ್ದಿ, ಪೊಲೀಸರಿಗೆ ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷದವರೆಗೆ ಎಂದು ಒಂದು ಉಪವಿಧಿ ಬರೆದರು. ಲಾರಿ ಚಾಲಕರು ಮುಷ್ಕರ ಹೂಡಿದರು, ಉಳಿದ ಕಾಯಿದೆ ಜಾರಿಗೆ ಬಂದಾಗ ಆ ಉಪವಿಧಿಯನ್ನು ಮಾತ್ರ ತಡೆಹಿಡಿದರು. ಗುದ್ದಿದ ಗಾಡಿ ಯಾವುದೆಂದೇ ಗೊತ್ತಾಗದಿದ್ದರೆ ಸತ್ತವನ ಮನೆಯವರಿಗೆ ಪರಿಹಾರ 25,000 ರೂಪಾಯಿ ಇತ್ತು. 2022ರ ಏಪ್ರಿಲಿನಿಂದ ಎರಡು ಲಕ್ಷ ಆಯಿತು. ಸಿನಿಮಾ ಬರುವುದಕ್ಕೆ ಆರು ತಿಂಗಳ ಮುಂಚೆ, 2024ರ ಮೇ 19ರಂದು, ಪುಣೆಯಲ್ಲಿ ಹದಿನೇಳು ವರ್ಷದ ಹುಡುಗ ಓಡಿಸುತ್ತಿದ್ದ ಪೋರ್ಶೆ ಕಾರು ಬೈಕಿನಲ್ಲಿದ್ದ ಇಬ್ಬರು ಎಂಜಿನಿಯರುಗಳನ್ನು ಬಲಿ ತೆಗೆದುಕೊಂಡಿತು. ಬಾಲನ್ಯಾಯ ಮಂಡಳಿ ಜಾಮೀನಿಗೆ ಹಾಕಿದ ಷರತ್ತುಗಳಲ್ಲಿ ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆಯಬೇಕೆಂಬುದೂ ಒಂದು. ಇಂಥ ಸುದ್ದಿ ಓದಿದವನು ತೆರೆಯ ಮೇಲೆ ಬೀಳುವ ಏಟಿಗೆ ಚಪ್ಪಾಳೆ ತಟ್ಟಿದರೆ ಅವನನ್ನು ಹಿಂಸಾಪ್ರಿಯ ಎಂದು ನಾನಂತೂ ಕರೆಯಲಾರೆ.

ನನಗೆ ಕಾಣುವ ಮೋಸ ಬೇರೆ. ಸೇಡಿನ ಕತೆಗೆ ಒಂದು ದೊಡ್ಡ ಅವಮಾನ ಬೇಕು, ಒಂದು ರಾತ್ರಿ ಬೇಕು, ಒಬ್ಬ ಖಳ ಬೇಕು. ಆ ಖಳ ಯಾವಾಗಲೂ ನಮಗಿಂತ ಮೇಲಿನವನು. ಸೂರಿಯ ಮರ್ಯಾದೆ ಆ ಕಾರು ಬಂದ ರಾತ್ರಿಯೇ ಮೊದಲು ಮಣ್ಣಾಯಿತೆ? ಅದಕ್ಕೂ ಮುಂಚೆ ಅವನು ಎಷ್ಟು ಗೇಟುಗಳ ಮುಂದೆ ನಿಂತಿದ್ದ, ಎಷ್ಟು ಬಾಗಿಲು ಬಡಿದಿದ್ದ? ಆ ಬಾಗಿಲು ತೆರೆದವರು ಕೋಟ್ಯಧಿಪತಿಗಳ ಮಕ್ಕಳಲ್ಲ, ನಾವು.

ಎಂಟನೇ ಕ್ರಾಸಿನ ಮೂಲೆಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ನಿಂತು ಕಿವಿಗೊಟ್ಟು ನೋಡಿ. ‘ಏಯ್, ಎಲ್ಲಿದ್ದೀಯಾ? ಎಷ್ಟೊತ್ತು? ಅಡ್ರೆಸ್ ಓದೋಕೆ ಬರಲ್ವಾ?’ ಎಂದು ಫೋನಿನೊಳಗಿಂದ ಕೂಗುವ ದನಿ ರಸ್ತೆಗೆ ಕೇಳಿಸುತ್ತದೆ. ಹೆಲ್ಮೆಟ್ ತೆಗೆದಾಗ ನೋಡಿದರೆ ಕೆಲವರಿಗೆ ಐವತ್ತು ದಾಟಿದೆ, ತಲೆ ನರೆತಿದೆ. ಕೂಗಿದಾತ ಬ್ಯಾಂಕ್ ಮ್ಯಾನೇಜರಿಗೆ ಫೋನು ಮಾಡಿದರೆ ‘ತಾವು’ ಎನ್ನುತ್ತಾನೆ. ನಮ್ಮ ಭಾಷೆಯಲ್ಲಿ ಮರ್ಯಾದೆ ಎಂಬುದು ಭಾವನೆಯಲ್ಲ, ವ್ಯಾಕರಣ. ಕ್ರಿಯಾಪದದ ಕೊನೆಯಲ್ಲಿ ಅದು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಕಲಬುರಗಿಯಿಂದ ಬಂದವನೋ ಅಸ್ಸಾಮಿನಿಂದ ಬಂದವನೋ ಆಗಿದ್ದ ಹುಡುಗನನ್ನು ‘ಕನ್ನಡದಲ್ಲಿ ಮಾತಾಡು’ ಎಂದು ಗದರಿಸುವವರನ್ನೂ ಕಂಡಿದ್ದೇನೆ. ಒಳ್ಳೆಯದು, ಕಲಿಯಲಿ. ಆದರೆ ಬಹುವಚನವೂ ಕನ್ನಡವೇ ಅಲ್ಲವೆ ಸ್ವಾಮಿ? ಅದನ್ನು ಅವನು ಯಾರ ಬಾಯಿಂದ ಕೇಳಿ ಕಲಿಯಬೇಕು?

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎರಡು ಲಿಫ್ಟುಗಳಿವೆ. ಒಂದರ ಪಕ್ಕ ಇಂಗ್ಲಿಷಿನ ಬೋರ್ಡು: ಡೆಲಿವರಿಯವರು, ಮನೆಗೆಲಸದವರು, ಸಾಕುನಾಯಿಗಳು ಇದನ್ನು ಬಳಸತಕ್ಕದ್ದು. ಕೆಟ್ಟು ನಿಂತರೆ ಅವರು ಮೆಟ್ಟಿಲು ಹತ್ತುತ್ತಾರೆ. ಪಕ್ಕದ ಲಿಫ್ಟು ಖಾಲಿ ನಿಂತಿರುತ್ತದೆ. ಸಂಘದ ಸಭೆಯಲ್ಲಿ ನಾನು ಆ ಬೋರ್ಡು ತೆಗೆಯಿರಿ ಎಂದೆ. ಸುರಕ್ಷತೆ ಎಂದರು. ಬೇರೆ ಲಿಫ್ಟಿನಲ್ಲಿ ಬಂದ ಕಳ್ಳ ಬೇರೆ ಮಹಡಿಗೆ ಹೋಗುತ್ತಾನೆಯೇ ಎಂದು ಕೇಳಿದೆ. ಸ್ವಚ್ಛತೆ ಎಂದರು. ನಮ್ಮ ಊಟ ಅವನ ಬೆನ್ನಿನ ಮೇಲೇ ಬಂತಲ್ಲ, ಅದು ಮೈಲಿಗೆಯಾಗಲಿಲ್ಲವೆ ಎಂದೆ. ಆಗ ಒಬ್ಬರು ನಕ್ಕು, ‘ನೀವು ಆ ಸಿನಿಮಾ ನೋಡಿ ಕೆಟ್ಟಿರಿ’ ಎಂದರು. ಅದನ್ನು ನನಗಿಂತ ಮೊದಲು ನೋಡಿ, ಅತ್ತು ಬಂದು, ನೋಡಲೇಬೇಕೆಂದು ನನ್ನನ್ನು ಅಟ್ಟಿದವರು ಅವರೇ.

ಈ ಎರಡನೆಯ ಲಿಫ್ಟನ್ನು ಬಿಲ್ಡರು ಕಂಡುಹಿಡಿದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಲ್ಲೇಶ್ವರ, ಬಸವನಗುಡಿಗಳ ನಕ್ಷೆ ಹಾಕಿದಾಗ ಜಾತಿ ನೋಡಿ ಬ್ಲಾಕು ಹಂಚಿದರು. ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಓಣಿ ಬಿಟ್ಟರು. ಅದು ಮಲ ಎತ್ತಲು ಬರುವವರಿಗೆಂದೇ ಬಿಟ್ಟ ದಾರಿ. ಅವರು ಹಿಂದಿನಿಂದ ಬರಬೇಕು, ಹಿಂದಿನಿಂದಲೇ ಹೋಗಬೇಕು, ಸಂಪಿಗೆ ಮರದ ಸಾಲಿನಲ್ಲಿ ಕಾಣಿಸಬಾರದು. ಎಪ್ಪತ್ತರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. ಓಣಿ ಉಳಿಯಿತು. ಈಚೆಗೆ ಕೆಲವು ಓಣಿಗಳ ಗೋಡೆಗೆ ಚೆಂದದ ಚಿತ್ರ ಬರೆದಿದ್ದಾರೆ, ಜನ ಹೋಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ಓಣಿ ಹಿತ್ತಲಿನಿಂದ ಎದ್ದು ಕಟ್ಟಡದ ಒಳಗೆ ನೆಟ್ಟಗೆ ನಿಂತುಕೊಂಡು, ಗುಂಡಿ ಒತ್ತಿದರೆ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದೆ ಎಂಬುದು ಆ ಫೋಟೊದಲ್ಲಿ ಬರುವುದಿಲ್ಲ.

ಮರ್ಯಾದೆ ಎಂಬ ಪದಕ್ಕೆ ಸಂಸ್ಕೃತದಲ್ಲಿ ಎಲ್ಲೆ, ಗಡಿ ಎಂಬ ಅರ್ಥವೂ ಇದೆ. ನಮ್ಮವರು ಪದಕ್ಕೆ ಮೋಸ ಮಾಡಿಲ್ಲ ಅನ್ನಿಸುತ್ತದೆ. ನಮ್ಮ ಮರ್ಯಾದೆ ನಿಂತಿರುವುದೇ ಇನ್ನೊಬ್ಬ ಎಲ್ಲಿಯವರೆಗೆ ಬರಬಹುದು ಎಂಬ ಗೆರೆಯ ಮೇಲೆ. ಆ ಗೆರೆಯನ್ನು ಕಾರಿನವನು ನಮ್ಮ ಮೇಲೆ ಹಾಯಿಸಿದಾಗ ಸೇಡಿನ ಸಿನಿಮಾ ಆಗುತ್ತದೆ. ನಾವು ದಿನಕ್ಕೆ ಹತ್ತು ಸಲ ಬೇರೆಯವರ ಮೇಲೆ ಎಳೆದರೆ ಅದು ಶಿಸ್ತು. ನಾಗರಾಜ ಸೋಮಯಾಜಿಯವರ ಮೇಲೆ ನನಗಿರುವ ಒಂದೇ ಮುನಿಸು ಇದು: ಇಷ್ಟು ಒಳ್ಳೆಯ ಹೆಸರನ್ನು ಕೈಯಲ್ಲಿಟ್ಟುಕೊಂಡವರು ಆ ಪ್ರಶ್ನೆಯನ್ನು ಕಾರಿನವರಿಗೆ ಕೇಳಿ, ಥಿಯೇಟರಿನಲ್ಲಿ ಕೂತವರನ್ನು ಬಿಟ್ಟುಬಿಟ್ಟರು.

2025ರಲ್ಲಿ ಕರ್ನಾಟಕ ಸರ್ಕಾರ ಈ ಕೆಲಸಗಾರರಿಗಾಗಿ ಒಂದು ಕಾಯಿದೆ ಮಾಡಿತು. ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಆಮೇಲೆ ಶಾಸನಸಭೆಯ ಒಪ್ಪಿಗೆ. ಕೆಲಸಗಾರನಿಗೆ ಕೊಡುವ ಹಣದ ಮೇಲೆ ಶೇಕಡ 1ರಿಂದ 5ರವರೆಗೆ ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಕೆಲಸದಿಂದ ತೆಗೆಯುವುದಾದರೆ ಕಾರಣ ಬರೆದು ತಿಳಿಸಿ ಹದಿನಾಲ್ಕು ದಿನದ ನೋಟಿಸು ಕೊಡಬೇಕು. ‘ಐಡಿ ಬ್ಲಾಕ್ ಆಯ್ತು’ ಎಂಬ ಮೂರೇ ಪದದಲ್ಲಿ ಬದುಕು ನಿಂತುಹೋಗುತ್ತಿದ್ದವರಿಗೆ ಇದು ಸಣ್ಣದಲ್ಲ. ಅದನ್ನು ಯಾವ ಸಿನಿಮಾದ ಸೇಡೂ ತಂದುಕೊಟ್ಟದ್ದಲ್ಲ. ಬಿಸಿಲಿನಲ್ಲಿ ನಿಂತು, ಅರ್ಜಿ ಬರೆದು, ಸಂಘ ಕಟ್ಟಿ ಕೇಳಿದವರು ತಂದುಕೊಂಡದ್ದು. ಸುದ್ದಿ ಓದಿದ ನಮ್ಮ ಮಹಡಿಯವರೊಬ್ಬರು ಕೇಳಿದ ಮೊದಲ ಪ್ರಶ್ನೆ, ‘ಹಾಗಾದರೆ ದೋಸೆ ರೇಟು ಜಾಸ್ತಿ ಮಾಡ್ತಾರಾ?’

ಲಿಫ್ಟಿನ ವಿಷಯ ಆ ಕಾಯಿದೆಯಲ್ಲಿ ಇಲ್ಲ. ಅದಕ್ಕೆ ಸುಗ್ರೀವಾಜ್ಞೆಯೂ ಬೇಕಿಲ್ಲ. ಒಂದು ಸ್ಕ್ರೂಡ್ರೈವರು ಸಾಕು, ಬೋರ್ಡಿಗೆ ಇರುವುದು ನಾಲ್ಕು ಸ್ಕ್ರೂ. ಮುಂದಿನ ಸಭೆಗೆ ನಾನು ವಿಷಯವನ್ನು ಬರೆದು ಕೊಟ್ಟಿದ್ದೇನೆ. ನೀರಿನ ಮೋಟಾರಿನ ರಿಪೇರಿ ಆದಮೇಲೆ, ಗಣೇಶನ ಚಂದಾಕ್ಕಿಂತ ಮೊದಲು ಅದನ್ನು ಎತ್ತಿಕೊಳ್ಳುತ್ತಾರಂತೆ.