ಹತ್ತುವ ಮೀನಿಗೆ ಕತ್ತಿ ಎತ್ತುವ ಶೂರರು

ಮೃಗಶಿರ ಮಳೆ ಹಿಡಿದರೆ ಸಾಕು, ಮಲೆನಾಡಿನ ವಾಟ್ಸಾಪ್ ಗುಂಪುಗಳಿಗೆ ವೀರಾವೇಶ ಬರುತ್ತದೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಕತ್ತಿ, ಮೊಣಕಾಲಿಗೆ ಮಡಚಿದ ಪ್ಯಾಂಟು, ಹಿಂದೆ ಯಾವುದೋ ಸಿನಿಮಾದ ಅಬ್ಬರದ ಸಂಗೀತ. ಗದ್ದೆಯ ಹೊಸ ನೀರಿನಲ್ಲಿ ಅರ್ಧ ಬೆನ್ನು ಹೊರಗಿಟ್ಟು ಮೊಟ್ಟೆಯಿಡಲು ತೆವಳಿಕೊಂಡು ಮೇಲಕ್ಕೆ ಹೋಗುತ್ತಿರುವ ಒಂದು ಮೀನು. ಕಚಕ್! ಮೀನು ಎರಡು ತುಂಡು. ಕೆಳಗೆ ಒಕ್ಕಣೆ: ‘ಹತ್ಮೀನು ಶಿಕಾರಿ, ನಮ್ಮ ಮಲೆನಾಡ ಸೊಗಡು.’

ಸೊಗಡಂತೆ! ಹೆರಿಗೆಗೆಂದು ತವರಿಗೆ ಹೊರಟ ಬಸುರಿಯನ್ನು ದಾರಿಯಲ್ಲಿ ಅಡ್ಡಗಟ್ಟಿ ಕಡಿಯುವುದಕ್ಕೆ ಬೇರೆಲ್ಲಾದರೂ ಈ ಹೆಸರು ಇದೆಯೇ?

ಇಷ್ಟು ಹೇಳಿದ ಕೂಡಲೇ ಬರುವ ಉತ್ತರ ನನಗೆ ಬಾಯಿಪಾಠ. ‘ಪೇಟೆಯಲ್ಲಿ ಕೂತವರು ನಮಗೆ ಪಾಠ ಹೇಳಬೇಡಿ.’ ಸ್ವಾಮಿ, ನಾನು ಪೇಟೆಯವನಲ್ಲ. ಮೀನು ಹಿಡಿಯುವ ಕೂಣಿಯ ಬಾಯಿ ಯಾವ ಕಡೆಗಿರಬೇಕು ಎಂಬುದು ನನಗೂ ಗೊತ್ತು. ಮುರುಗೋಡು ಮೀನಿನ ಮುಳ್ಳು ಚುಚ್ಚಿ ಇಡೀ ರಾತ್ರಿ ಕೈ ಒದರಿಕೊಂಡವನು ನಾನು. ಪಾಪದಲ್ಲಿ ನನ್ನದೂ ಪಾಲಿದೆ. ಅದಕ್ಕೇ ಇಷ್ಟು ಸಿಟ್ಟು.

ನನಗಾಗ ಹತ್ತೋ ಹನ್ನೊಂದೋ ವರ್ಷ. ಕಂಬಳಿ ಕೊಪ್ಪೆ ಹಾಕಿಕೊಂಡು ಚಿಕ್ಕಪ್ಪನ ಹಿಂದೆ ಗದ್ದೆಗೆ ಹೋಗಿದ್ದೆ. ಅಂಚಿನ ಕಂಡಿಯಲ್ಲಿ ಕೆಂಪು ನೀರು ಧುಮುಕುತ್ತಿತ್ತು. ಆ ನೀರಿಗೆ ಎದುರಾಗಿ ಒಂದು ಮುರುಗೋಡು, ಬೀಳುವುದು, ಮತ್ತೆ ಏರುವುದು, ಮತ್ತೆ ಬೀಳುವುದು. ಚಿಕ್ಕಪ್ಪ ಕತ್ತಿಯನ್ನು ನನ್ನ ಕೈಗೇ ಕೊಟ್ಟ. ಹೊಡೆದೆ. ಎತ್ತಿ ಹಿಡಿದಾಗ ಸೀಳಿದ ಹೊಟ್ಟೆಯಿಂದ ರಾಗಿಕಾಳಿನಂಥ ಮೊಟ್ಟೆಗಳು ಬಳಬಳನೆ ನನ್ನ ಮುಂಗೈ ಮೇಲೆ ಇಳಿದವು. ಟಾರ್ಚಿನ ಬೆಳಕಿಗೆ ಹೊಳೆಯುತ್ತಿದ್ದವು. ಮಳೆ ಅವನ್ನೂ ತೊಳೆದುಕೊಂಡು ಹೋಯಿತು. ‘ಥೋ, ಮೊಟ್ಟೆಯೆಲ್ಲ ಹೋಯ್ತಲ್ಲೋ ಮಾರಾಯ, ಹುರಿದಿದ್ರೆ ಏನ್ ರುಚಿ ಇರ್ತಿತ್ತು!’ ಎಂದ ಚಿಕ್ಕಪ್ಪ. ಅವನ ಲೆಕ್ಕದಲ್ಲಿ ಆ ರಾತ್ರಿ ನಷ್ಟವಾದದ್ದು ಒಂದು ಹಿಡಿ ಹುರಿದ ಮೊಟ್ಟೆ.

ಲೆಕ್ಕವನ್ನು ಸರಿಯಾಗಿಯೇ ಮಾಡೋಣ. ಒಂದು ಕೆಜಿ ತೂಗುವ ಹೆಣ್ಣು ರೋಹುವಿನ ಹೊಟ್ಟೆಯಲ್ಲಿ ಸುಮಾರು 2 ಲಕ್ಷ ಮೊಟ್ಟೆ ಇರುತ್ತದೆ. ‘ಅದರಲ್ಲಿ ಮುಕ್ಕಾಲು ಮೂರುವೀಸ ಸಾಯುತ್ತದೆ ಬಿಡಿ’ ಎನ್ನುವ ಜಾಣರಿದ್ದಾರೆ. ಸಾಯಲಿ. ಸಾವಿರಕ್ಕೆ ಒಂದೇ ಒಂದು ಬದುಕುತ್ತದೆ ಎಂದು ಇಟ್ಟುಕೊಳ್ಳಿ. ಆದರೂ 200 ಮೀನು. ನೀವು ಹೊಡೆದ ತಾಯಿಯೂ ಸೇರಿ 201. ಆದ್ದರಿಂದ ‘ನಿನ್ನೆ ರಾತ್ರಿ ಬರೀ ಒಂದು ಸಿಕ್ತು’ ಎಂದು ಇನ್ನು ಮುಂದೆ ಹೇಳಬೇಡಿ. 201 ಎನ್ನಿ. ಐದು ಹೊಡೆದರೆ ಸಾವಿರದ ಐದು. ಒಂದು ರಾತ್ರಿಗೆ, ಒಂದು ಮನೆಗೆ, ಒಂದು ಸಾರಿಗೆ. ಮುರುಗೋಡಿಗೆ ಅಷ್ಟು ಮೊಟ್ಟೆ ಇರುವುದಿಲ್ಲ ಎಂದು ಲೆಕ್ಕ ತಿದ್ದಲು ಬರುವವರಿಗೆ ಒಂದು ಮಾತು: ಕಡಿಮೆ ಮಕ್ಕಳಿರುವ ಮನೆಗೆ ಬೆಂಕಿ ಇಡಬಹುದು ಎಂದು ಯಾವ ಶಾಸ್ತ್ರದಲ್ಲಿದೆ?

ಮೀನು ಹತ್ತುವುದು ವರ್ಷವಿಡೀ ಅಲ್ಲ. ಮೊದಲ ಮಳೆಗೆ ಹೊಳೆ ಕೆಂಪಾಗಿ, ಹಳ್ಳ ತುಂಬಿ, ಗದ್ದೆಯ ನೀರು ಹಳ್ಳಕ್ಕೆ ಕೂಡಿಕೊಂಡ ಕೆಲವೇ ರಾತ್ರಿಗಳ ಮಾತು ಅದು. ಹೊಳೆಯ ಸೆಳವಿನಲ್ಲಿ ಮರಿಗಳು ಉಳಿಯುವುದಿಲ್ಲ. ಗದ್ದೆಯಲ್ಲಿ ನೀರು ತೆಳು, ಬೆಚ್ಚಗೆ, ಮರಿಗಳಿಗೆ ತಿನ್ನಲು ಸಣ್ಣ ಜೀವಿಗಳು ಬೇಕಾದಷ್ಟು, ದೊಡ್ಡ ಮೀನಿನ ಕಾಟವಿಲ್ಲ. ಇದೆಲ್ಲ ಮೀನಿಗೆ ಗೊತ್ತು. ಆ ದಾರಿಯಲ್ಲಿ ನೀವು ಕಾದಿರುತ್ತೀರಿ ಎಂಬುದೊಂದು ಗೊತ್ತಿಲ್ಲ.

‘ಅಜ್ಜನ ಕಾಲದಿಂದ ಹಿಡಿಯುತ್ತಿದ್ದೇವೆ, ಆಗ ಮೀನು ಕಡಿಮೆಯಾಯಿತೇ?’ ಎಂಬುದು ಇವರ ಬ್ರಹ್ಮಾಸ್ತ್ರ. ಅಜ್ಜನನ್ನು ಯಾಕೆ ಎಳೆಯುತ್ತೀರಿ? ಅಜ್ಜ ತನ್ನ ಗದ್ದೆಯ ಕಂಡಿಗೆ ಒಂದು ಕೂಣಿ ಇಟ್ಟು, ಒಳಗೆ ಹೋಗಿ ಮಲಗುತ್ತಿದ್ದ. ಆಗ ಮಳೆಗಾಲವೆಂದರೆ ಹಲಸಿನ ಬೀಜ, ಕಳಲೆ, ಅಟ್ಟದ ಮೇಲಿನ ಒಣಮೀನು. ಹೊಳೆ ದಾಟಿ ಸಂತೆಗೆ ಹೋಗುವಂತಿರಲಿಲ್ಲ. ಅವನದು ಹಸಿವು. ನಿಮಗೇನು ದಾಡಿ? ತಲೆಗೆ ಎಲ್‌ಇಡಿ ದೀಪ, ಬೈಕಿನಲ್ಲಿ ಊರೂರು ಸುತ್ತಾಟ, ಎಲ್ಲಿ ಹತ್ತುತ್ತಿದೆ ಎಂದು ಮೊಬೈಲಿನಲ್ಲಿ ಕ್ಷಣಕ್ಷಣದ ಸುದ್ದಿ, ಹೆಚ್ಚಾದರೆ ಇಡಲು ಫ್ರಿಜ್ಜು. ಕೆಲವರಂತೂ ಬ್ಯಾಟರಿ, ಇನ್ವರ್ಟರ್ ಹೊತ್ತು ತಂದು ಹಳ್ಳಕ್ಕೆ ಕರೆಂಟೇ ಕೊಡುತ್ತಾರೆ. ಯಾರ ಅಜ್ಜ ಕರೆಂಟು ಕೊಡುತ್ತಿದ್ದ? ಅಜ್ಜನ ಮನೆಯಲ್ಲಿ ಕರೆಂಟೇ ಇರಲಿಲ್ಲ!

ಇನ್ನು ಕೆಲವರು ಸಾಹಿತಿ ತೇಜಸ್ವಿಯವರನ್ನು ಕರೆತರುತ್ತಾರೆ. ಅವರೂ ಮೀನು ಹಿಡಿಯುತ್ತಿದ್ದರಲ್ಲ ಎಂದು. ಹಿಡಿಯುತ್ತಿದ್ದರು. ಗಾಳ ಹಾಕಿ, ಹೊಳೆ ದಂಡೆಯಲ್ಲಿ ಗಂಟೆಗಟ್ಟಲೆ ಕೂತು. ಮೀನಿಗೂ ಮನುಷ್ಯನಿಗೂ ಅಲ್ಲಿ ಒಂದು ಆಟವಿದೆ. ಮೀನು ಗೆಲ್ಲಬಹುದು. ಅಂಗಾಲು ಮುಳುಗದ ನೀರಿನಲ್ಲಿ, ಮೊಟ್ಟೆ ತುಂಬಿ ಓಡಲಾಗದ ಮೀನಿಗೆ ಮಚ್ಚು ಬೀಸುವುದರಲ್ಲಿ ಯಾವ ಆಟ? ಶಿಕಾರಿ ಎಂಬ ಪದಕ್ಕೂ ಒಂದು ಮರ್ಯಾದೆ ಇದೆ.

ಈ ಶೂರರ ಭಕ್ತಿಯನ್ನೂ ನೋಡಬೇಕು. ಶೃಂಗೇರಿಗೆ ಹೋದರೆ ತುಂಗೆಯ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಮೀನುಗಳಿಗೆ ಮಂಡಕ್ಕಿ ಹಾಕುತ್ತಾರೆ. ತೀರ್ಥಹಳ್ಳಿ ಬಳಿಯ ಚಿಬ್ಬಲಗುದ್ದೆಯ ಮತ್ಸ್ಯಧಾಮದಲ್ಲಿ ಮಕ್ಕಳನ್ನು ಎತ್ತಿಕೊಂಡು ‘ನೋಡು ಪುಟ್ಟಾ, ದೇವರ ಮೀನು’ ಎಂದು ತೋರಿಸುತ್ತಾರೆ. ಅಲ್ಲಿ ಒಂದು ಮೀನಿಗೆ ಕಲ್ಲೆಸೆದರೆ ಊರೇ ಸೇರಿ ಹೊಡೆಯುತ್ತದೆ. ಅದೇ ತುಂಗೆಯ ಮೀನು ನಾಲ್ಕು ಮೈಲಿ ಆಚೆ ಹಳ್ಳ ಹತ್ತಿ ಗದ್ದೆಗೆ ಬಂದರೆ ದೇವರು ಇಳಿದುಹೋಗಿ ಮಸಾಲೆ ಏರುತ್ತದೆ. ದೇವಸ್ಥಾನದ ಮುಂದಿದ್ದರೆ ಮತ್ಸ್ಯಾವತಾರ, ಗದ್ದೆಗೆ ಬಂದರೆ ಹುಳಿಸಾರು.

ಕರಾವಳಿ ಕಡೆಗೊಮ್ಮೆ ತಿರುಗಿ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮಲ್ಪೆ ಮಂಗಳೂರು ಬಂದರುಗಳಲ್ಲಿ ಯಾಂತ್ರಿಕ ಬೋಟುಗಳು ಒಂದರ ಮೈಗೆ ಇನ್ನೊಂದು ತಾಗಿ ಸಾಲಾಗಿ ನಿಂತಿರುತ್ತವೆ. ಮೀನೇ ಅವರ ಅನ್ನ. ಸಾಲದ ಕಂತು ಆ ಎರಡು ತಿಂಗಳೂ ನಿಲ್ಲುವುದಿಲ್ಲ. ಆದರೂ ಬಲೆ ಹೆಣೆದುಕೊಂಡು ದಡದಲ್ಲಿ ಕೂರುತ್ತಾರೆ. ಹೊಟ್ಟೆಪಾಡಿನವನು 61 ದಿನ ಕಾಯಬಲ್ಲ. ಅಡಿಕೆ ಮಾರಿ ಕಾರು ಕೊಂಡವನಿಗೆ ಹತ್ತು ರಾತ್ರಿ ಕಾಯಲಾಗುವುದಿಲ್ಲ!

ಪಕ್ಕದ ಕೇರಳದಲ್ಲೂ ಮೀನು ಹೀಗೇ ಹತ್ತುತ್ತದೆ. ಅವರು ಅದನ್ನು ಊತ್ತ ಎನ್ನುತ್ತಾರೆ. ಅವರ ಬಾಯಲ್ಲೂ ನೀರೂರುತ್ತದೆ, ಅವರಿಗೂ ಅಜ್ಜಂದಿರಿದ್ದರು. ಆದರೂ 2010ರ ಒಳನಾಡು ಮೀನುಗಾರಿಕೆ ಕಾಯ್ದೆಯ ಬಲದಿಂದ, ಮೊಟ್ಟೆಯಿಡಲು ಹೊರಟ ಮೀನಿನ ದಾರಿಗೆ ಅಡ್ಡ ಕಟ್ಟುವುದು ಅಲ್ಲಿ ಅಪರಾಧ.

ದೂರದ ಅಮೆರಿಕದ ಕತೆ ಇನ್ನೂ ಸ್ವಾರಸ್ಯ. ಅಲ್ಲಿ ಬ್ಲೂಗಿಲ್ ಎಂಬ ಅಂಗೈಯಗಲದ ಮೀನಿದೆ. ಬೇಸಿಗೆಯ ಆರಂಭದಲ್ಲಿ ಗಂಡು ದಡದ ಹತ್ತಿರ ಬಾಲದಿಂದ ಗುಡಿಸಿ ತಟ್ಟೆಯಂಥ ಗುಂಡಿ ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಅದೇ ಕಾವಲು, ಅದೇ ರೆಕ್ಕೆ ಬೀಸಿ ಗಾಳಿ ಹಾಕುವುದು. ಕಾವಲಿನಲ್ಲಿರುವ ಮೀನು ಹತ್ತಿರ ಬಂದದ್ದಕ್ಕೆಲ್ಲ ಬಾಯಿ ಹಾಕುವುದರಿಂದ ಗಾಳಕ್ಕೆ ಸಿಕ್ಕುವುದು ಸುಲಭ. ದೊಡ್ಡ ದೊಡ್ಡ ಗಂಡುಗಳನ್ನೇ ಆರಿಸಿ ಹಿಡಿದಾಗ ಉಳಿದ ಪುಟಾಣಿಗಳು ಬೆಳೆಯುವ ಬದಲು ಗಿಡ್ಡವಿದ್ದಾಗಲೇ ಬಲಿತುಬಿಟ್ಟವು. ಕೆರೆಗಳ ತುಂಬ ಗಿಡ್ಡ ಮೀನೇ ಮೀನು. ಮಿನ್ನೆಸೋಟ ರಾಜ್ಯದಲ್ಲಿ ಒಬ್ಬರು 20 ಮೀನು ಇಟ್ಟುಕೊಳ್ಳಬಹುದಿತ್ತು. ಈಗ ಆಯ್ದ ಕೆರೆಗಳಲ್ಲಿ ಆ ಮಿತಿಯನ್ನು 10ಕ್ಕೆ, ಕೆಲವೆಡೆ 5ಕ್ಕೆ ಇಳಿಸಿದ್ದಾರೆ. ನಮ್ಮಲ್ಲಿ ಮಿತಿ ಎಷ್ಟು? ಚೀಲ ತುಂಬುವಷ್ಟು.

ಅಂಥದೇ ಕಾವಲುಗಾರ ನಮ್ಮಲ್ಲೂ ಇದೆ, ಕೊರವ. ಕೆರೆಯ ಅಂಚಿನಲ್ಲಿ ಕೆಂಪಗಿನ ಮರಿಗಳ ಮುದ್ದೆಯೊಂದು ಗುಳುಗುಳು ಎನ್ನುತ್ತಾ ತೇಲಿದರೆ ಕೆಳಗೆ ತಾಯ್ತಂದೆ ಇವೆ ಎಂದೇ ಅರ್ಥ. ನಮ್ಮ ಬೇಟೆಗಾರ ಆ ಮುದ್ದೆಯ ನಡುವೆಯೇ ಕಪ್ಪೆ ಸಿಕ್ಕಿಸಿದ ಗಾಳ ಬಿಡುತ್ತಾನೆ. ಮರಿಗಳ ಮೇಲೆ ಯಾರೋ ಬಿದ್ದರೆಂದು ಕೊರವ ಹಾರಿ ಬಂದು ಕಚ್ಚುತ್ತದೆ. ಹಸಿವಿನಿಂದಲ್ಲ, ಮಮತೆಯಿಂದ. ಕಾಯುವವರಿಲ್ಲದ ಮರಿಗಳನ್ನು ಬೇರೆ ಮೀನುಗಳು ಬಾಚಿ ನುಂಗುತ್ತವೆ. ಇದನ್ನೂ ಸೊಗಡು ಎನ್ನಿ.

‘ಮೀನು ಕಡಿಮೆಯಾದದ್ದು ಡ್ಯಾಮುಗಳಿಂದ, ನಮ್ಮಿಂದಲ್ಲ’ ಎಂಬ ಜಾಣಮಾತೂ ಉಂಟು. ಲಿಂಗನಮಕ್ಕಿಯ ಗೋಡೆ 1964ರಿಂದ ಶರಾವತಿಗೆ ಅಡ್ಡ ನಿಂತಿದೆ, ಯಾರು ಇಲ್ಲ ಎಂದರು? ದೊಡ್ಡ ದಾರಿಗಳನ್ನು ಸರ್ಕಾರ ಮುಚ್ಚಿತು. ಉಳಿದದ್ದು ನಮ್ಮ ಮನೆ ಹಿಂದಿನ ಮೊಣಕಾಲುದ್ದದ ಹಳ್ಳ. ಅದರ ಬಾಯಿಗೆ ಕೂಣಿ ಇಟ್ಟವರು ಯಾರು, ವಿದ್ಯುತ್ ನಿಗಮದವರೇ?

ಡ್ಯಾಮಿನ ಮಾತು ಬಂದದ್ದರಿಂದ ಗದ್ದೆಯ ಮಾತೂ ಆಗಿಬಿಡಲಿ. ಮೀನು ಹತ್ತಿ ಬಂದರೂ ಗದ್ದೆ ಎಲ್ಲಿದೆ? ಭತ್ತ ಲಾಭವಿಲ್ಲವೆಂದು ಮಣ್ಣು ಏರಿಸಿ, ಬಸಿಗಾಲುವೆ ತೆಗೆದು ಅಡಿಕೆ ಸಸಿ ಊರಿದ್ದೇವೆ. ಗದ್ದೆ ಹೋದರೆ ಅಕ್ಕಿ ಹೋಗುತ್ತದೆ ಎಂದಷ್ಟೇ ನಮ್ಮ ತಿಳಿವಳಿಕೆ. ಕಪ್ಪೆ, ಏಡಿ, ಕೊಕ್ಕರೆ, ಮೀನಿನ ಮರಿ ಎಲ್ಲ ಅದರ ಹಿಂದೆಯೇ ಗಂಟುಮೂಟೆ ಕಟ್ಟಿದವು. ಮೇಲಿಂದ ಕೊಳೆರೋಗಕ್ಕೆಂದು ಮೈಲುತುತ್ತದ ಬೋರ್ಡೋ ದ್ರಾವಣ. ಮೀನು ಹತ್ತುವ ಮಳೆಗಾಲದಲ್ಲೇ ಅದರ ಸಿಂಪಡಣೆ. ತಾಮ್ರ ಮೀನಿಗೆ ವಿಷ, ತೊಳೆದ ನೀರು ಅದೇ ಹಳ್ಳಕ್ಕೆ. ನನ್ನ ತೋಟವೂ ಇದಕ್ಕೆ ಹೊರತಲ್ಲ. ಅಡಿಕೆಗೆ ಧಾರಣೆ ಬಂದ ಮೇಲೆ ಮಲೆನಾಡು ಏನನ್ನು ಮಾರಿಕೊಂಡಿಲ್ಲ ಹೇಳಿ. ಕೊನೆಗೆ ‘ಸೊಗಡು’ ಎಂಬ ಪದವೊಂದನ್ನು ಉಳಿಸಿಕೊಂಡು ರೀಲ್ಸಿಗೆ ಅಂಟಿಸುತ್ತಿದ್ದೇವೆ.

ಸರ್ಕಾರದ್ದು ಇನ್ನೊಂದು ನಾಟಕ. ಮಳೆಗಾಲ ಮುಗಿದ ಮೇಲೆ ಕೆರೆ ಜಲಾಶಯಗಳಿಗೆ ಸಾಕಿದ ಮೀನುಮರಿ ಬಿಡುತ್ತಾರೆ. ಹಾರ, ತುರಾಯಿ, ಬಕೆಟ್ ಬಗ್ಗಿಸುವ ಗಣ್ಯರ ಫೋಟೋ. ತಾಯಿ ಮೀನು ಬಿಟ್ಟಿಯಾಗಿ ಕೊಡಲು ಬಂದ ಮರಿಯನ್ನು ಜೂನಿನಲ್ಲಿ ಕೊಂದು, ಆಮೇಲೆ ಅದನ್ನೇ ದುಡ್ಡು ಕೊಟ್ಟು ತಂದು ಬಿಡುವ ಬುದ್ಧಿವಂತಿಕೆ! ಮದ್ದು ಸಿಡಿಸಿ, ವಿಷ ಬೆರೆಸಿ ಮೀನು ಕೊಲ್ಲಬಾರದೆಂದು ಬ್ರಿಟಿಷರು 1897ರಲ್ಲೇ ಕಾಯ್ದೆ ತಂದಿದ್ದರು. ಒಂದು ರಾತ್ರಿ ನಮ್ಮ ಹಳ್ಳಕ್ಕೆ ಕರೆಂಟು ಕೊಡುತ್ತಿದ್ದಾರೆಂದು ನಾನು ಒಂದು ಕಚೇರಿಗೆ ಫೋನು ಮಾಡಿದೆ. ‘ಜೀಪಿಗೆ ಡೀಸೆಲ್ ಇಲ್ಲ ಸಾರ್. ನೀವೇ ಸ್ವಲ್ಪ ತಿಳಿಸಿ ಹೇಳಿ’ ಎಂದರು. ಕರೆಂಟು ಹಿಡಿದು ನಿಂತವನಿಗೆ ತಿಳಿಸಿ ಹೇಳಬೇಕಂತೆ!

ನಾನು ಮೀನು ತಿನ್ನಬೇಡಿ ಎನ್ನುತ್ತಿಲ್ಲ. ನಾನೂ ತಿನ್ನುತ್ತೇನೆ. ಆಗಸ್ಟಿನಿಂದ ಮೇವರೆಗೆ ಗಾಳ ಹಾಕಿ, ಬೀಸುಬಲೆ ಬೀಸಿ. ಮೊದಲ ಎರಡು ಮಳೆಗೆ ಮಾತ್ರ ಕತ್ತಿ ಗೋಡೆಗೆ ತಗುಲಿಹಾಕಿ, ಕೂಣಿ ಅಟ್ಟಕ್ಕೆ ಹಾಕಿ ಎನ್ನುತ್ತೇನೆ. ನೋಡುವ ಚಪಲವಿದ್ದರೆ ಟಾರ್ಚು ಹಿಡಿದು ಹೋಗಿ ನೋಡಿ. ಇಷ್ಟಕ್ಕೇ ‘ಸಂಸ್ಕೃತಿಯ ಮೇಲೆ ದಾಳಿ’ ಎಂದು ಕೂಗುವವರ ಸಂಸ್ಕೃತಿ ಬಹಳ ತೆಳ್ಳಗಿದ್ದಿರಬೇಕು.

ಕಳೆದ ಮಳೆಗಾಲ ನಮ್ಮ ಭಾವ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಜಗಲಿಗೆ ಬಂದು ಕೂತ. ‘ಎಂಥದಾ ಇದು, ಈ ಸಲ ಒಂದು ಮೀನೂ ಹತ್ತಲಿಲ್ಲ ಮಾರಾಯ. ಕಾಲವೇ ಕೆಟ್ಟೋಯ್ತು’ ಎಂದ. ಹಿಂದಿನ ವರ್ಷ ಅವನು ಕಳಿಸಿದ್ದ ವಿಡಿಯೋ ಇನ್ನೂ ನನ್ನ ಮೊಬೈಲಿನಲ್ಲಿತ್ತು. ಅದರಲ್ಲಿ ಒಂಬತ್ತು ಮೀನು ಸಾಲಾಗಿ ಮಲಗಿದ್ದವು. ಗುಣಾಕಾರ ಮಾಡಿ ಹೇಳಿದೆ: ‘ಭಾವ, ಈ ಸಲ ಹತ್ತಬೇಕಾದವು ಎಲ್ಲ ನಿನ್ನ ಹತ್ತಿರವೇ ಇದಾವಲ್ಲ.’