ಮಡಿಚಿಡುವ ಅಡಿಗೆಮನೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದರು ಹಿರಿಯರು. ಈಗ ಮನೆ ಕಟ್ಟುವವರಿಗೆ ಇನ್ನೊಂದು ಕೆಲಸ ಹೆಚ್ಚಿದೆ. ಅಡಿಗೆಮನೆಯನ್ನು ಕಟ್ಟಿಸಿದ ಮೇಲೆ ಅದು ಯಾರ ಕಣ್ಣಿಗೂ ಬೀಳದಂತೆ ಬಚ್ಚಿಡಬೇಕು! ನಮ್ಮ ಮೈಸೂರಿನ ದೊಡ್ಡ ಪೀಠೋಪಕರಣದ ಮಳಿಗೆಗಳನ್ನು ಹೊಕ್ಕು ಬಂದವರಿಗೆ ಈ ಸೋಜಿಗ ಹೊಸದಲ್ಲ. ಗೋಡೆಯೆಂದು ತಿಳಿದದ್ದನ್ನು ಒತ್ತಿದರೆ ಅದು ಬಾಗಿಲು. ಬಾಗಿಲು ಪಕ್ಕದ ಸಂದಿಗೆ ಸರಿದರೆ ಒಳಗೆ ಒಲೆ, ತೊಟ್ಟಿ, ಕಪಾಟು. ಡ್ರಾಯರನ್ನು ಎಳೆದರೆ ಊಟದ ಮೇಜೇ ಹೊರಬರುತ್ತದೆ. ಗುಂಡಿ ಒತ್ತಿದರೆ ಕಟ್ಟೆಯೊಳಗಿಂದ ವಿದ್ಯುತ್ತಿನ ಪ್ಲಗ್ಗುಗಳ ಪುಟ್ಟ ಕಂಬವೊಂದು ಎದ್ದು ನಿಲ್ಲುತ್ತದೆ. ಮತ್ತೆ ಒತ್ತಿದರೆ ಮುಳುಗುತ್ತದೆ.

ಇದರಲ್ಲಿ ಇಂದ್ರಜಾಲವೇನೂ ಇಲ್ಲ. ಮೇಲಕ್ಕೆತ್ತಿದ ಬಾಗಿಲು ಅಲ್ಲಿಯೇ ನಿಲ್ಲುವುದು, ಉಕ್ಕಿನ ಕೊಳವೆಯೊಂದರಲ್ಲಿ ಒತ್ತಿ ತುಂಬಿದ ನೈಟ್ರೋಜನ್ ಅನಿಲ ಒಳಗಿನ ದಂಡವನ್ನು ಹೊರಕ್ಕೆ ತಳ್ಳುತ್ತಿರುವುದರಿಂದ. ಕದ ಸದ್ದಿಲ್ಲದೆ ಮುಚ್ಚುವುದು, ತಿರುಗಣಿಯ ಬಳಿ ಅಡಗಿರುವ ಚಿಕ್ಕ ಎಣ್ಣೆಯ ಕೊಳವೆ ಅದರ ವೇಗವನ್ನು ನುಂಗುವುದರಿಂದ. ಜಾಣತನದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಸ್ಥಳ ಉಳಿಸುವ ವಿದ್ಯೆಯನ್ನು ಈ ಮಳಿಗೆಗಳೇ ನಮಗೆ ಕಲಿಸಿದವೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಹಳೆಯ ಮೊಹಲ್ಲಾಗಳ ವಠಾರಗಳಲ್ಲಿ ಒಂದೇ ಕೋಣೆ ಬೆಳಿಗ್ಗೆ ಅಡಿಗೆಗೆ, ಮಧ್ಯಾಹ್ನ ಊಟಕ್ಕೆ, ರಾತ್ರಿ ನಿದ್ರೆಗೆ ಒದಗುತ್ತಿತ್ತು. ಊಟವಾದೊಡನೆ ಮಣೆಗಳು ಗೋಡೆಗೆ ಒರಗುತ್ತಿದ್ದುವು. ಈಳಿಗೆಮಣೆಯ ಅಲಗು ಮಡಿಚಿ ಮಲಗುತ್ತಿತ್ತು. ಹಾಲುಮೊಸರು ಬೆಕ್ಕಿಗೆ ಎಟುಕದಂತೆ ನೆಲುವಿನಲ್ಲಿ ತೂಗುತ್ತಿತ್ತು. ದೀಪ, ಉಪ್ಪಿನ ಮರಿಗೆಗಳಿಗೆ ಗೋಡೆಯ ಗೂಡು. ವರ್ಷಕ್ಕೊಮ್ಮೆ ಬೇಕಾಗುವ ಹಂಡೆ ಕೊಪ್ಪರಿಗೆಗಳಿಗೆ ಅಟ್ಟ. ಬಾಳೆಲೆಯಂತೂ ಊಟ ಮುಗಿದ ಮೇಲೆ ಮನೆಯಲ್ಲಿಯೇ ಇರುತ್ತಿರಲಿಲ್ಲ. ಜಗ್ಗದೆ ಕೂತದ್ದು ಒರಳುಕಲ್ಲೊಂದೇ. ಇಂದಿಗೂ ರೈಲಿನ ಸ್ಲೀಪರ್ ಡಬ್ಬಿಯಲ್ಲಿ ಮಧ್ಯದ ಮಲಗುಹಲಗೆಯನ್ನು ಎತ್ತಿ ಸರಪಳಿಗೆ ಸಿಕ್ಕಿಸುವ ನಾವು ಇದೇ ವಿದ್ಯೆಯ ಶಿಷ್ಯರಲ್ಲವೆ?

ಪಶ್ಚಿಮ ದೇಶಗಳಲ್ಲಿಯೂ ಈ ವಿದ್ಯೆ ಬೆಳೆದದ್ದು ಇಕ್ಕಟ್ಟಿನಿಂದಲೇ. ೧೯೨೬ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯದ ಮಹಿಳೆ ಸುಮಾರು ೬ ಅಡಿ ಅಗಲ, ೧೧ ಅಡಿ ಉದ್ದದ ಅಡಿಗೆಮನೆಯೊಂದನ್ನು ರಚಿಸಿದಳು. ಅವಳಿಗೆ ಮಾದರಿಯಾದದ್ದು ರೈಲಿನ ಭೋಜನದ ಡಬ್ಬಿ. ಇಸ್ತ್ರಿಯ ಹಲಗೆ ಗೋಡೆಗೆ ಮಡಿಚಿಕೊಳ್ಳುತ್ತಿತ್ತು, ಬಾಗಿಲು ಸರಿಯುತ್ತಿತ್ತು. ಸುಮಾರು ೧೦,೦೦೦ ಮನೆಗಳಿಗೆ ಇದು ಬಂದಿತು. ಆ ಮನೆಗಳು ಶ್ರೀಮಂತರವಲ್ಲ, ದುಡಿಯುವವರವು. ಅವಳು ಉಳಿಸಹೊರಟದ್ದು ಜಾಗವನ್ನಷ್ಟೇ ಅಲ್ಲ, ಅಡಿಗೆ ಮಾಡುವವಳ ಹೆಜ್ಜೆಗಳನ್ನು. ಆದರೂ ಒಬ್ಬಳೇ ನಿಲ್ಲಬಹುದಾದ ಆ ಕೋಣೆ ಹೆಂಗಸನ್ನು ಒಂಟಿಯಾಗಿಸಿತೆಂಬ ಆಕ್ಷೇಪ ಮುಂದೆ ಬಂದಿತು. ಆ ಆಕ್ಷೇಪವನ್ನು ನಾವು ಮರೆಯಲಾಗದು.

ಈಗ ನನ್ನ ತಕರಾರಿಗೆ ಬರುತ್ತೇನೆ. ಮೊದಲನೆಯದಾಗಿ, ಈ ವಸ್ತು ತಪ್ಪು ಮನೆಗೆ ಹೋಗುತ್ತಿದೆ. ನಮ್ಮೂರಿನಲ್ಲಿ ೨೦ ಅಡಿಗೆ ೩೦ ಅಡಿಯ ನಿವೇಶನದಲ್ಲಿ ಮನೆ ಕಟ್ಟಿಕೊಂಡವರು ಎಷ್ಟೋ ಮಂದಿ. ಒಟ್ಟು ೬೦೦ ಚದರಡಿ. ಅದರಲ್ಲಿ ಗೋಡೆ, ಮೆಟ್ಟಿಲು, ಬಚ್ಚಲು ಕಳೆದರೆ ಉಳಿಯುವುದೆಷ್ಟು? ಮಡಿಚುವ ಮೇಜು ಬೇಕಾದದ್ದು ಅಲ್ಲಿ. ಮೋಟಾರಿನ ಕಪಾಟನ್ನು ಕೊಳ್ಳುವವರಾದರೋ ಜಾಗಕ್ಕೆ ಕೊರತೆಯಿಲ್ಲದವರು. ಹಸಿದವನಿಗೆ ಅನ್ನವಿಲ್ಲ, ಉಂಡವನಿಗೆ ಪಾಯಸ!

ಎರಡನೆಯದು ಗಾಳಿಯ ಮಾತು. ಪ್ಲೇಗಿನ ಹಾವಳಿಯ ತರುವಾಯ, ೧೯೦೩ರಲ್ಲಿ, ಈ ನಗರದಲ್ಲಿ ಸುಧಾರಣಾ ಮಂಡಳಿ ಸ್ಥಾಪಿತವಾದದ್ದು ಇಕ್ಕಟ್ಟಿನ ಕೇರಿಗಳಿಗೆ ಗಾಳಿ ಬೆಳಕು ತರುವುದಕ್ಕೆ. ಅಂಥ ಊರಿನಲ್ಲಿ ಒಲೆಯನ್ನು ಕಪಾಟಿನಲ್ಲಿ ಕೂಡಿಹಾಕುವುದು ವಿವೇಕವೆ? ಅಡಿಗೆಯ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲಿ ಮಡುಗಟ್ಟುತ್ತದೆ. ೧೪.೨ ಕಿಲೋಗ್ರಾಮಿನ ಸಿಲಿಂಡರನ್ನು ಅಂದದ ನೆಪದಲ್ಲಿ ಗಾಳಿಯಾಡದ ಬಾಗಿಲ ಹಿಂದೆ ಮುಚ್ಚಿಡುವವರು, ಕೊನೆಯ ಪಕ್ಷ ಬಾಗಿಲ ಬುಡದಲ್ಲಿಯಾದರೂ ಕಿಂಡಿ ಬಿಡಿಸಬೇಕು. ಹೊಟ್ಟುಹಲಗೆಯ ಕಪಾಟು ನೀರು ತಾಗಿದರೆ ಉಬ್ಬುತ್ತದೆ. ಕರೆಂಟು ಹೋದರೆ ಮೋಟಾರು ನಿಲ್ಲುತ್ತದೆ. ಒಗ್ಗರಣೆಯ ಜಿಡ್ಡು ಹಿಡಿದ ಹಳಿಯನ್ನು ತಿಕ್ಕುವ ಕೆಲಸವಂತೂ ಯಾವ ಗುಂಡಿಗೂ ಬಗ್ಗದು.

ಮೂರನೆಯದೇ ಮುಖ್ಯವಾದುದು. “ಅತಿಥಿಗಳಿಗೆ ಅಡಿಗೆಮನೆ ಕಾಣದು” ಎಂಬುದನ್ನು ಒಂದು ಗುಣವೆಂದು ಹೇಳುತ್ತಾರೆ. ಕಂಡರೆ ಏನು ನಷ್ಟ? ಮಸಿ, ಬೆವರು, ತೊಳೆಯದ ಪಾತ್ರೆಗಳು ಇವೆಲ್ಲ ನಮ್ಮ ತಾಯಂದಿರ ದಿನದ ದುಡಿಮೆ. ನಡುಮನೆಯಲ್ಲಿ ಕುಳಿತು ಸ್ತ್ರೀಸ್ವಾತಂತ್ರ್ಯದ ಚರ್ಚೆ ಮಾಡುವ ನಮ್ಮಂಥವರಿಗೆ ಅದು ಕಣ್ಣೆದುರಿಗೆ ಇದ್ದಾಗಲೇ ಎದ್ದು ಹೋಗಿ ಒಂದು ಲೋಟ ತೊಳೆಯುವ ಬುದ್ಧಿ ಬಂದದ್ದು ಕಡಮೆ. ಸುಂದರವಾದ ಬಾಗಿಲೊಂದು ಅಡ್ಡ ಬಂದರೆ ಕೇಳಬೇಕೆ?

ಹಾಗೆಂದು ನಾನು ಹೊಸತನದ ವೈರಿಯಲ್ಲ. ಕೆಲಸ ಮುಗಿದ ಮೇಲೆ ಮೇಜು ಮಡಿಚಿಕೊಳ್ಳಲಿ, ಎತ್ತರದ ಕಪಾಟು ವೃದ್ಧರ ಕೈಗೆ ಇಳಿದು ಬರಲಿ. ಬೀಟೆಯ ಮರದಲ್ಲಿ ಕೂಡಿಸು ಚಿತ್ತಾರ ಬಿಡಿಸಿ ಹೆಸರಾದ ಮೈಸೂರಿನ ಮರಗೆಲಸದವರಿಗೆ ಒಂದು ತಿರುಗಣಿ, ಎರಡು ಕೊಂಡಿಗಳ ಮಡಿಚುಮೇಜು ಎಷ್ಟರ ಕೆಲಸ? ಸಣ್ಣ ಮನೆಯವರು ಮಳಿಗೆಯ ಮೋಟಾರಿಗೆ ಸಾಲ ಮಾಡುವ ಬದಲು ಅಂಥವರನ್ನು ಕರೆದು, ಅಡಿಗೆ ಮಾಡುವವರ ಎತ್ತರ ಅಳೆಸಿ, ಅವರ ಮಾತು ಕೇಳಿ ಮಾಡಿಸಿಕೊಳ್ಳಲಿ.

ಸಹಪಾಠಿಗಳೇ, ನಾಳೆ ಮನೆ ಹೂಡುವವರು ನಾವೇ. ಮೇಜನ್ನು ಅಡಗಿಸೋಣ, ಪೆಟ್ಟಿಗೆಯನ್ನು ಅಡಗಿಸೋಣ. ಅಡಿಗೆ ಮಾಡುವವರನ್ನು ಮಾತ್ರ ಬಾಗಿಲ ಹಿಂದೆ ಸರಿಸುವುದು ಬೇಡ. ಉಳಿಸಿದ ಆ ನಾಲ್ಕು ಅಡಿ ಜಾಗದಲ್ಲಿ ಇನ್ನೊಬ್ಬರು ನಿಂತು ತರಕಾರಿ ಹೆಚ್ಚುವಂತಾದರೆ ಖರ್ಚಾದ ಹಣಕ್ಕೆ ಸಾರ್ಥಕ.