ಸೈರನ್ ಕೂಗಿದರೆ ಏನು ಮಾಡ್ತೀರಿ?

ಮಕ್ಕಳೇ, ಕನ್ನಂಬಾಡಿ ಕಟ್ಟೆಯಿಂದ ಹೆಚ್ಚು ನೀರು ಬಿಡುವಾಗ ಶ್ರೀರಂಗಪಟ್ಟಣದ ಹೊಳೆದಂಡೆಯವರಿಗೆ ಮುನ್ನೆಚ್ಚರಿಕೆ ಕೊಡುತ್ತಾರೆ. ನೀರು ಕಣ್ಣಿಗೆ ಕಾಣುತ್ತದೆ, ದಿಬ್ಬ ಹತ್ತಿದರಾಯಿತು. ಕಾಣದ್ದು ಬಂದರೆ?

ಕಾರವಾರ ತಾಲ್ಲೂಕಿನ ಕೈಗಾದಲ್ಲಿ, ಕಾಳಿ ನದಿಯ ಪಕ್ಕ, ತಲಾ 220 ಮೆಗಾವಾಟಿನ 4 ಅಣು ವಿದ್ಯುತ್ ಘಟಕಗಳಿವೆ. ಸುತ್ತಲ ಊರುಗಳಿಗೆ ತುರ್ತು ಯೋಜನೆಯಿದೆ, ಅಣಕು ಕಾರ್ಯಾಚರಣೆಯೂ ನಡೆಯುತ್ತದೆ. ವಿಕಿರಣ ಸೋರಿದೆ ಎಂದು ಸಾರಿದರೆ ಮೊದಲು ಮನೆಯೊಳಗೆ ಸೇರಿ, ಕಿಟಕಿ ಬಾಗಿಲು ಮುಚ್ಚಿ, ಮುಂದಿನ ಸೂಚನೆಗೆ ಕಾಯಬೇಕು.

ಸೋರುವುದರಲ್ಲಿ ಅಯೋಡಿನ್-131 ಒಂದು. ಕತ್ತಿನ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಎಂದರೆ ಬಲು ಆಸೆ, ಒಳ್ಳೆಯದು ಕೆಟ್ಟದ್ದು ನೋಡದೆ ಹೀರುತ್ತದೆ. ಅಧಿಕಾರಿಗಳು ಹೇಳಿದಾಗ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ ನುಂಗಿದರೆ ಗ್ರಂಥಿ ಮೊದಲೇ ತುಂಬಿಕೊಂಡು, ಕೆಟ್ಟದ್ದಕ್ಕೆ ಜಾಗವಿರದು. “ನಾವು ತಿನ್ನೋದೇ ಅಯೋಡಿನ್ ಉಪ್ಪು” ಅಂದಾರು ಅಜ್ಜಿ. ಉಪ್ಪಿನಲ್ಲಿರುವುದು ಏನೇನೂ ಸಾಲದು ಅಜ್ಜಿ! ಮಾತ್ರೆಯೂ ಮೊದಲು ಮೊಮ್ಮಕ್ಕಳಿಗೆ. 40 ದಾಟಿದವರಿಗೆ ಅದರ ಪ್ರಯೋಜನ ಕಡಿಮೆ.

ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆಯ ಡೇರಿಗೆ ಹಾಲು ಹಾಕುವ ಮನೆಯವರು ಇದನ್ನು ಕೇಳಿ. 1986ರಲ್ಲಿ ಚೆರ್ನೋಬಿಲ್ ಸ್ಥಾವರ ಸಿಡಿದಾಗ ಆ ಅಯೋಡಿನ್ ಹುಲ್ಲಿನ ಮೇಲೆ ಬಿತ್ತು. ಹಸು ಮೇಯಿತು, ಹಾಲಿಗಿಳಿಯಿತು. ಅದನ್ನು ಕುಡಿದು ಬೆಳೆದ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಿತು. ಹಾಲು ಕುಡಿಸಬೇಡಿ ಎಂಬ ಮಾತು ಎಷ್ಟೋ ಹಳ್ಳಿಗಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿರಲಿಲ್ಲ.